ಆತಕೂರಿನ ನಾಯಿಗಲ್ಲು

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಚರಿತ್ರಕಾರರಿಗೆ ಸುಪರಿಚಿತವಾದುದು. ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷಕ್ಕೂ ಚೋಳರಿಗೂ ನಡೆದ ಯುದ್ಧವನ್ನೂ, ಅಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ ಇದು ತಿಳಿಸುತ್ತದೆ. ಶಕ 872, ಎಂದರೆ ಕ್ರಿ.ಶ. 949–50ರ ಈ ಬರಹವನ್ನು ಉದಾಹರಿಸುವವರು ಬಹುಮಟ್ಟಿಗೆ ಅಷ್ಟಕ್ಕೇ ನಿಲ್ಲುವರು. ಆದರೆ ಈ ಕಲ್ಲು ನಿಂತುದು ತಕ್ಕೋಲಕ್ಕಾಗಿ ಅಲ್ಲ, ಕಾಳಿಯೆಂಬ ಬೇಟೆನಾಯಿಗಾಗಿ. ಸತ್ತವರ ಕಲ್ಲನ್ನು ಸತ್ತವರನ್ನು ಬಿಟ್ಟು ಓದುವುದು ಯಾವ ನ್ಯಾಯ?

ಸಗರವಂಶದ ಮಣಲೆರನು ಚೋಳರೊಡನೆ ಕಾದಿ ಗೆದ್ದಾಗ, ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಇವನು ಬೇಡಿದುದು ನಾಡನ್ನಲ್ಲ, ಕಾಳಿಯನ್ನು. ಮುಂದೆ ಕೇಳಲೆನಾಡಿನ ಒಂದು ಮೊರಡಿಯಲ್ಲಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟನು. ಎರಡೂ ಸತ್ತುವು. ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗವನ್ನೇ ಕಂಡರಿಸಿದೆ.

ಅರಸರ ಮತ್ತು ಮಣಲೆರನ ಬಿರುದುಗಳಿಗೆ ಸಾಲುಗಟ್ಟಲೆ ಸಮಾಸಗಳನ್ನು ಸುರಿದ ಶಾಸನಕಾರನು ಕಾಳಿಯ ಸಾವಿಗೆ ವ್ಯಯಮಾಡಿದುದು ಒಂದು ಚಿಕ್ಕ ವಾಕ್ಯ. ಉಪಮೆಯಿಲ್ಲ, ಉತ್ಪ್ರೇಕ್ಷೆಯಿಲ್ಲ. ಕೊಂದುದಕ್ಕೂ ಕೊಲ್ಲಲ್ಪಟ್ಟುದಕ್ಕೂ ಒಂದೇ ಕ್ರಿಯಾಪದವನ್ನು ಹಂಚಿಕೊಟ್ಟು ಸುಮ್ಮನಾಗುತ್ತಾನೆ. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಬಿರುದಾವಳಿಯು ಯಾರಿಗಾದರೂ ಹೊಂದುವ ಅಂಗಿ; ಈ ಸಾವು ಕಾಳಿಯದೇ.

ಪಶುಪಕ್ಷಿಗಳಲ್ಲಿ ತೋರುವ ಭಾವವು ರಸವಲ್ಲ, ರಸಾಭಾಸವೆಂದು ಕೆಲವರು ಆಕ್ಷೇಪಿಸಬಹುದು. ಶಾಕುಂತಲದ ಆರಂಭದಲ್ಲಿ ಬಾಣಕ್ಕೆ ಬೆದರಿ ಓಡುವ ಜಿಂಕೆಯನ್ನೇ ಅಭಿನವಗುಪ್ತನು ಭಯಾನಕಕ್ಕೆ ಉದಾಹರಣೆಯಾಗಿ ಎತ್ತಿಕೊಂಡಿರುವನೆಂಬುದನ್ನು ಅವರು ನೆನೆಯಲಿ. ಜಿಂಕೆಗೆ ಸಂದುದು ನಾಯಿಗೆ ಏಕೆ ಸಲ್ಲದು?

ದೋಷವೂ ಇಲ್ಲದಿಲ್ಲ. ಈ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪವು ತಟ್ಟುವುದೆಂದು ಶಾಪವಿದೆ. ಪೂಜೆಗೆ ಪಾತ್ರವಾದ ನಾಯಿಗೇ ಪಾಪವನ್ನು ಹೊರಿಸುವ ಈ ಮಾತು ಅನುಚಿತವೆಂದು ಬರೆದವನಿಗೆ ಹೊಳೆಯಲಿಲ್ಲ. ರೂಢಿಯ ಶಾಪವು ಲೇಖನಿಗೆ ತಾನಾಗಿ ಬಂದಿರಬೇಕು.

1057ರ ಬೆಳತೂರಿನ ದೇಕಬ್ಬೆಯ ಶಾಸನವು ಪದ್ಯರಚನೆಯಲ್ಲಿ ಇದಕ್ಕಿಂತ ಬಹುಪಾಲು ಮೇಲಾದುದು. ತಲಕಾಡಿನಲ್ಲಿ ಗಂಡನು ಹತನಾದುದನ್ನು ಕೇಳಿ ಅವಳು ಬೆಂಕಿಯನ್ನು ಹೊಗುತ್ತಾಳೆ. ಕವಿ ಅದನ್ನು ಹೊಗಳುತ್ತಾನೆ. ಆ ಹೊಗಳಿಕೆಯನ್ನು ಇಂದು ಒಪ್ಪುವಂತಿಲ್ಲ. ಆದರೂ ಬೇಡವೆಂದು ತಡೆದ ತಂದೆತಾಯಿಗಳನ್ನು ಅವನು ಮರೆಯಲಿಲ್ಲ. ಆ ಕಾವ್ಯವು ಉಳಿದಿರುವುದು ಅವರಿಂದ.

ಕಾಳಿಯ ಕಲ್ಲನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಅಕ್ಷರಗಳು ಸವೆಯದಂತೆ ಕಾಪಾಡಿದುದು ಸ್ತುತ್ಯವೇ. ಆದರೆ ದೇವಾಲಯದ ಮುಂದೆ ನಿಂತು ಗೊರವನನ್ನು ಉದ್ದೇಶಿಸಿ ಆಡಿದ ಮಾತನ್ನು ಈಗ ಎದುರಿಗೆ ನಿಂತ ಯಾತ್ರಿಕನು ಕೇಳಬೇಕಾಗಿದೆ. ಅವನಾದರೋ ಫಲಕದಲ್ಲಿ ತಕ್ಕೋಲದ ಹೆಸರನ್ನು ನೋಡಿ ಮುಂದೆ ಸಾಗುವನು.