ಚೋಮನ ಎತ್ತುಗಳು
ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದವರಲ್ಲಿ ಹೆಚ್ಚಿನವರು ದುಡಿಯ ಮಾತೆತ್ತುತ್ತಾರೆ. ಬ್ಯಾಂಕಿನ ಗುಮಾಸ್ತನಾದ ನನ್ನ ಕಣ್ಣು ಮಾತ್ರ ಅವನ ಎರಡು ಎತ್ತುಗಳ ಮೇಲೆ. ಉಳುವ ಎತ್ತಿದೆ, ದುಡಿಯುವ ಮಕ್ಕಳಿದ್ದಾರೆ. ಗೇಣಿಗೆ ಗದ್ದೆ ಮಾತ್ರ ಸಿಗದು. ಅಸ್ಪೃಶ್ಯನಿಗೆ ಬೇಸಾಯ ಸಲ್ಲದೆಂಬುದು ಊರ ಕಟ್ಟಳೆ. ಹೀಗಾಗಿ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕು. ದೂರವಿರಿಸಿದ್ದರಿಂದಲೇ ಬಡತನ ಅವನಿಗೆ ಖಾಯಂ ಆಯಿತು.

ಈ ಕಾದಂಬರಿಯನ್ನು ನಮ್ಮ ಕಾಸರಗೋಡಿನವರು ಇನ್ನಷ್ಟು ಮುಂದಕ್ಕೆ ಓದಬೇಕು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ ಒಕ್ಕಲುಗಳಿಗೆ ಗದ್ದೆಯ ಹಕ್ಕು ಬಂತು. ನಮ್ಮಜ್ಜನಿಗೂ ಬಂತೆನ್ನಿ. ಗೇಣಿಗೇ ಸಲ್ಲದಿದ್ದ ಚೋಮನಂಥವರ ಮಕ್ಕಳಿಗೆ? ಗುಡಿಸಲಿದ್ದ ಕುಡಿಕಿಡಪ್ಪಿನ ನೆಲ. ಪಂಚಾಯತಿನಲ್ಲಾದರೆ ಹೆಚ್ಚೆಂದರೆ 10 ಸೆಂಟ್ಸ್. ಕಾನೂನು ಜಾತಿ ಕೇಳಲಿಲ್ಲ, ಗೇಣಿ ಇತ್ತೇ ಎಂದಷ್ಟೇ ಕೇಳಿತು. ಕೌಂಟರಿನಲ್ಲಿ ಕೂತ ನಾನೂ ಜಾತಿ ಕೇಳುವುದಿಲ್ಲ, ತೀರ್ವೆ ರಶೀದಿ ಕೇಳುತ್ತೇನೆ. 10 ಸೆಂಟ್ಸಿಗೆ ಎಷ್ಟು ಕೃಷಿಸಾಲ ಹುಟ್ಟುತ್ತದೆಂದು ನನಗೆ ಗೊತ್ತು.

ಕಾರಂತರಲ್ಲಿ ನನ್ನದೊಂದು ತಕರಾರೂ ಇದೆ. ಧನಿ ಸಂಕಪ್ಪಯ್ಯನ ಮನಸ್ಸು ತುಸು ಕರಗುತ್ತದೆ, ತಾಯಿ ಅಡ್ಡ ಬರುತ್ತಾಳೆ. ತಪ್ಪೆಲ್ಲ ಮುದುಕಿಯ ತಲೆಗೆ ಹೋಗಿ ಧನಿ ಒಳ್ಳೆಯವನಾಗಿಯೇ ಉಳಿಯುತ್ತಾನೆ. ಮೊದಲ ಓದಿನಲ್ಲಿ ಅದು ನನಗೂ ಸಮಾಧಾನವಾಗಿತ್ತು.