ಬೀಗದ ಕೈ ಯಾರ ಸೊಂಟದಲ್ಲಿ?

ದಾನದ ಹಣದಿಂದ ನಡೆಯುವ ಮನೆಗಳನ್ನು ನಾವು ವಿಮರ್ಶೆ ಮಾಡುವುದಿಲ್ಲ, ಕೈಮುಗಿದು ಬರುತ್ತೇವೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರು ಏಳೆಂಟು ಮಂದಿಯೋ ಇಪ್ಪತ್ತು ಮಂದಿಯೋ ಒಟ್ಟಿಗಿರುವ, ಯಾವುದೋ ಟ್ರಸ್ಟ್ ನಡೆಸುವ ಮನೆಗೆ ಹೋಗಿ ಬಂದವರು ಗೇಟಿನಾಚೆ ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಪಾಪ, ಎಷ್ಟು ಚೆನ್ನಾಗಿ ನೋಡ್ಕೋತಾರೆ. ನಮ್ಮ ಕೈಲಾಗಲ್ಲಪ್ಪ.’ ಅದರಲ್ಲಿ ಮೆಚ್ಚುಗೆ ಎಷ್ಟಿದೆಯೋ ಜಾರಿಕೊಂಡ ಸಮಾಧಾನವೂ ಅಷ್ಟೇ ಇದೆ. ಹೋಟೆಲಿನ ಸಾಂಬಾರಿಗೆ ಉಪ್ಪು ಹೆಚ್ಚಾದರೆ ಮಾಣಿಯನ್ನು ಕರೆದು ಗದರುವ ನಾವು, ಇಲ್ಲಿ ಮಾತ್ರ ಚಪ್ಪಲಿಯ ಜೊತೆಗೆ ಪ್ರಶ್ನೆಗಳನ್ನೂ ಹೊರಗೇ ಬಿಟ್ಟು ಒಳಗೆ ಹೋಗುತ್ತೇವೆ.

ಹಾಗೆ ಬಿಡಬಾರದು ಎನ್ನುವುದಕ್ಕೆ ಲಾರ್ಶ್‌ನ ಕಥೆ ಸಾಕು. ಇಂಥ ಮನೆಗಳ ಪೈಕಿ ಜಗತ್ತಿನಲ್ಲಿ ತುಂಬ ಹೊಗಳಿಸಿಕೊಂಡದ್ದು ಅದು. ಕೊನೆಗೆ ತನ್ನ ಬುಡವನ್ನೇ ಅಗೆದು ನೋಡಿಕೊಳ್ಳಬೇಕಾಗಿ ಬಂದದ್ದೂ ಅದಕ್ಕೇ. 1964ರ ಆಗಸ್ಟ್‌ನಲ್ಲಿ, ಪ್ಯಾರಿಸ್ಸಿನ ಉತ್ತರಕ್ಕಿರುವ ಟ್ರೋಸ್ಲಿ-ಬ್ರೋಯ್ ಎಂಬ ಹಳ್ಳಿಯಲ್ಲಿ ಜಾನ್ ವಾನಿಯೆ ಒಂದು ಹಳೆಯ ಮನೆ ಕೊಂಡರು. ಕೆನಡಾದ ಆಗಿನ ಗವರ್ನರ್ ಜನರಲ್ ಅವರ ಮಗ, ನೌಕಾದಳದ ಕೆಲಸ ಬಿಟ್ಟು ಅರಿಸ್ಟಾಟಲ್ ಮೇಲೆ ಡಾಕ್ಟರೇಟ್ ಮಾಡಿದ್ದ ಮನುಷ್ಯ. ದೊಡ್ಡ ಆಶ್ರಯಧಾಮವೊಂದರ ಸಾಲುಮಂಚಗಳ ನಡುವೆ ಬದುಕು ತಳ್ಳುತ್ತಿದ್ದ ಇಬ್ಬರು ಗಂಡಸರನ್ನು ಕರೆತಂದು ಅವರ ಜೊತೆಗೇ ಸಂಸಾರ ಹೂಡಿದರು. ಮೂರನೆಯವನೊಬ್ಬನೂ ಬಂದಿದ್ದ. ಮೊದಲ ರಾತ್ರಿಯ ಅವನ ಗಲಿಬಿಲಿಯನ್ನು ತಡೆಯಲಾಗದೆ ವಾಪಸು ಕಳಿಸಿದರು. ಆ ಮೂರನೆಯವನು ಈ ಕಥೆ ಹೇಳುವವರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ. ಒಗ್ಗಿಕೊಂಡವರಿಗೆ ಮನೆ, ಒಗ್ಗದವರಿಗೆ ಹಳೆಯ ಜಾಗ ಎನ್ನುವ ಇಕ್ಕಟ್ಟು ಮೊದಲ ದಿನವೇ ಅಲ್ಲಿತ್ತು. ಇವತ್ತಿಗೂ ಯಾವ ಟ್ರಸ್ಟಿನವರೂ ಅದನ್ನು ದಾಟಿಲ್ಲ. ‘ವಯಲೆಂಟ್ ಇದ್ದರೆ ತಗೊಳ್ಳಲ್ಲ ಸಾರ್’ ಎಂಬ ಮಾತನ್ನು ನಮ್ಮ ಊರುಗಳಲ್ಲಿ ಎಷ್ಟು ತಂದೆತಾಯಿ ಕೇಳಿಸಿಕೊಂಡು ಬಂದಿಲ್ಲ!

ಆದರೂ ಲಾರ್ಶ್ ಹಿಡಿದ ದಾರಿ ದೊಡ್ಡದು. ನೋಡಿಕೊಳ್ಳುವವರು ಬೇರೆ ಊಟ ಮಾಡಿ, ಬೇರೆ ಕಡೆ ಮಲಗಿ, ಡ್ಯೂಟಿ ಮುಗಿಸಿ ಹೋಗುವ ವ್ಯವಸ್ಥೆಯನ್ನು ಅದು ಒಪ್ಪಲಿಲ್ಲ. ಒಂದೇ ಮೇಜು, ಒಂದೇ ಊಟ, ಆಮೇಲೆ ಎಲ್ಲರೂ ಸೇರಿ ತಟ್ಟೆ ತೊಳೆಯುವುದು. 1970ರಲ್ಲಿ ಇದೇ ಪದ್ಧತಿ ಬೆಂಗಳೂರಿಗೆ ಬಂದು ಆಶಾ ನಿಕೇತನವಾಯಿತು. ಮುಂದೆ ಕೋಲ್ಕತ್ತ, ಚೆನ್ನೈ, ಕೇರಳಕ್ಕೂ ಹೋಯಿತು. ಫ್ರಾನ್ಸಿನ ಕ್ಯಾಥೊಲಿಕ್ ಹಳ್ಳಿಯಲ್ಲಿ ಹುಟ್ಟಿದ್ದು ಇಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇರುವ ಮನೆಯಾಗಿ ರೂಪ ಬದಲಿಸಿಕೊಂಡದ್ದನ್ನು ನಾನು ಅದರ ನಿಜವಾದ ಗೆಲುವುಗಳಲ್ಲಿ ಒಂದೆಂದು ಎಣಿಸುತ್ತೇನೆ. ಇಂದು 30ಕ್ಕೂ ಹೆಚ್ಚು ದೇಶಗಳಲ್ಲಿ ಲಾರ್ಶ್‌ನ 150ಕ್ಕೂ ಹೆಚ್ಚು ಸಮುದಾಯಗಳಿವೆ.

ಈ ಪದ್ಧತಿಯ ದೌರ್ಬಲ್ಯ ಅದರ ಒಳ್ಳೆಯತನಕ್ಕೇ ಅಂಟಿಕೊಂಡಿದೆ. ಜೊತೆಗಿರಲು ಬರುವವರು ಹೆಚ್ಚಾಗಿ ಯುವಕ ಯುವತಿಯರು. ಒಂದು ವರ್ಷ, ಎರಡು ವರ್ಷ ಇದ್ದು, ಬದುಕೇ ಬದಲಾಯಿತು ಎಂದು ಹೇಳಿ ಹೊರಡುತ್ತಾರೆ. ಅಲ್ಲೇ ಉಳಿಯುವವನು ಮತ್ತೊಬ್ಬ ಅಣ್ಣನಿಗೆ, ಮತ್ತೊಬ್ಬ ಅಕ್ಕನಿಗೆ ಕೈಬೀಸಿ, ಮುಂದಿನ ತಿಂಗಳು ಬರುವ ಹೊಸಬರಿಗೆ ತನ್ನ ಶರ್ಟಿನ ಗುಂಡಿ ಹಾಕುವ ಬಗೆಯನ್ನು ಮತ್ತೆ ಮೊದಲಿನಿಂದ ಅಭ್ಯಾಸ ಮಾಡಿಸಬೇಕು. ಯಾರ ಬದುಕು ಯಾರ ಪಾಠಕ್ಕೆ ಬಳಕೆಯಾಯಿತು ಎಂಬ ಲೆಕ್ಕ ಅಲ್ಲಿ ಸ್ವಲ್ಪ ಎಡವಟ್ಟಾಗಿದೆ.

ಇನ್ನು ಆ ದೊಡ್ಡ ಆಘಾತ. ವಾನಿಯೆ 2015ರಲ್ಲಿ ಟೆಂಪಲ್‌ಟನ್ ಪ್ರಶಸ್ತಿ ಪಡೆದರು. 2019ರ ಮೇ ತಿಂಗಳಲ್ಲಿ ತೀರಿಕೊಂಡಾಗ ಅವರನ್ನು ಸಂತರೆಂದೇ ಬರೆದವರಿದ್ದರು. 2020ರ ಫೆಬ್ರವರಿಯಲ್ಲಿ ಲಾರ್ಶ್ ತಾನೇ ಮಾಡಿಸಿದ ತನಿಖೆಯ ಫಲ ಹೊರಗಿಟ್ಟಿತು: ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಆರು ಮಹಿಳೆಯರನ್ನು ವಾನಿಯೆ ಲೈಂಗಿಕವಾಗಿ ಶೋಷಿಸಿದ್ದರು. 2023ರ ಜನವರಿಯಲ್ಲಿ ಬಂದ ಅಧ್ಯಯನ ಆಯೋಗದ ಬೃಹತ್ ವರದಿ ಆ ಸಂಖ್ಯೆ ಕನಿಷ್ಠ 25 ಎಂದಿತು. ಅವರ ಗುರು, ಪಾದ್ರಿ ಥಾಮಸ್ ಫಿಲಿಪ್ ಇಂಥದೇ ನಡತೆಗಾಗಿ 1956ರಲ್ಲೇ ಚರ್ಚಿನಿಂದ ಶಿಕ್ಷೆಗೊಳಗಾಗಿದ್ದರು. ಅದು ಗೊತ್ತಿದ್ದೂ ಅವರ ಸುತ್ತಲಿನ ಗುಂಪು ಮತ್ತೆ ಒಂದಾದದ್ದು ಆ ಹಳ್ಳಿಯಲ್ಲೇ. ಬಲಿಯಾದವರಲ್ಲಿ ಮನೆಯ ವಿಕಲಚೇತನರು ಯಾರೂ ಇದ್ದದ್ದು ತನಿಖೆಗಳಲ್ಲಿ ಕಂಡುಬರಲಿಲ್ಲ.

ಇದನ್ನು ಓದಿದ ಹಲವರು ಮನುಷ್ಯ ಬೇರೆ, ಕೆಲಸ ಬೇರೆ ಎಂದು ಗೆರೆ ಎಳೆದುಬಿಟ್ಟರು. ನನಗೆ ಅದು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಮನೆ ನಡೆಯುವುದು ಸ್ಥಾಪಕರ ಪ್ರೀತಿಯಿಂದ ಎಂದಮೇಲೆ, ಸ್ಥಾಪಕರ ಮೇಲೆ ದೂರು ಹೇಳುವುದು ಪ್ರೀತಿಗೆ ಬಗೆದ ದ್ರೋಹವಾಗಿಬಿಡುತ್ತದೆ. ಮಾತು ಬಲ್ಲ, ಓದುಬರಹ ಬಲ್ಲ ಹೆಂಗಸರೇ ದಶಕಗಟ್ಟಲೆ ಬಾಯಿಬಿಡಲಾಗದೆ ಇದ್ದರು. ಮಾತೇ ಬಾರದವನಿಗೆ ರಾತ್ರಿ ಪಾಳಿಯವನು ಕೆನ್ನೆಗೆ ಹೊಡೆದರೆ ಅದು ಯಾವ ಕಿವಿಗೆ ಮುಟ್ಟೀತು? ಲಾರ್ಶ್‌ಗೆ ಒಂದು ಮಾತು ಮಾತ್ರ ಸಲ್ಲಬೇಕು. ಮುಚ್ಚಿಡುವ ಅವಕಾಶವಿದ್ದರೂ ತನ್ನ ಮೂಲಪುರುಷನ ಮುಖವಾಡವನ್ನು ತಾನೇ ಕಳಚಿತು.

ನಮ್ಮ ಕಡೆ ಇಂಥ ಮನೆಗಳೆಲ್ಲ ಹೆಚ್ಚುಕಡಿಮೆ ಒಬ್ಬ ‘ಅಮ್ಮ’ನ ಅಥವಾ ಒಬ್ಬ ‘ಸರ್’ನ ಕಥೆಗಳೇ. ಅನೇಕ ವೇಳೆ ಅವರೇ ಅಂಥ ಮಗುವಿನ ತಾಯಿ. ಎಲ್ಲೂ ಜಾಗ ಸಿಗದೆ, ಬೇರೆ ದಾರಿ ಕಾಣದೆ, ತಮ್ಮ ಸೈಟಿನಲ್ಲೇ ಶೀಟು ಹಾಕಿಸಿ ಶುರುಮಾಡಿದವರು. ಅವರ ದಣಿವನ್ನು ಹತ್ತಿರದಿಂದ ನೋಡಿದವರಿಗೆ ಟೀಕೆ ಮಾಡಲು ಮನಸ್ಸು ಬಾರದು. ಆದರೆ ಮನೆ ಇರುವುದು ಅವರಿಗಾಗಿ ಅಲ್ಲವಲ್ಲ. 2011ರ ಜನಗಣತಿ ಬುದ್ಧಿಮಾಂದ್ಯರೆಂದು ಎಣಿಸಿದ್ದೇ ದೇಶದಲ್ಲಿ 15 ಲಕ್ಷ ಮಂದಿಯನ್ನು. ಅವರ ತಂದೆತಾಯಿಗಳೆಲ್ಲ ವರ್ಷವರ್ಷ ಮುದುಕರಾಗುತ್ತಿದ್ದಾರೆ.

ಒಳಗೆ ಏನು ನೋಡಬೇಕು? ನೆಲ ಎಷ್ಟು ಹೊಳೆಯುತ್ತಿದೆ ಎಂದಲ್ಲ. ನಾನು ಕಂಡ ಒಂದು ಮನೆಯಲ್ಲಿ ರಾತ್ರಿ ಊಟ ಆರೂವರೆಗೆ. ಯಾರಿಗೂ ಅಷ್ಟು ಹೊತ್ತಿಗೆ ಹಸಿವಾಗುತ್ತದೆಂದಲ್ಲ. ಅಡುಗೆಯಾಕೆಗೆ ಏಳೂವರೆಯ ಬಸ್ಸು ಹಿಡಿಯಬೇಕು. ಕ್ಷೌರಿಕ ತಿಂಗಳಿಗೊಮ್ಮೆ ಬರುತ್ತಾನೆ, ಎಲ್ಲರ ತಲೆಯೂ ಒಂದೇ ಥರ. ಬಟ್ಟೆ ಅದಲುಬದಲಾಗದಿರಲೆಂದು ಕಾಲರಿನ ಒಳಗೆ ಮಾರ್ಕರ್ ಪೆನ್ನಿನಲ್ಲಿ ನಂಬರು. ಚಹಾ ನಾಲ್ಕು ಗಂಟೆಗೆ, ಸಕ್ಕರೆ ಹಾಕಿಯೇ ಬರುತ್ತದೆ. ಸ್ಟೋರ್ ರೂಮಿನದು, ಫ್ರಿಜ್ಜಿನದು, ಗೇಟಿನದು, ಎಲ್ಲ ಬೀಗದ ಕೈಗಳ ಗೊಂಚಲು ವಾರ್ಡನ್ ಸೊಂಟದಲ್ಲಿ. ಅವರು ನಡೆದುಬರುವ ಸದ್ದಿಗೇ ಹಾಲಿನಲ್ಲಿ ಕುಳಿತವರು ನೆಟ್ಟಗಾಗುತ್ತಾರೆ. ಯಾರೂ ಯಾರನ್ನೂ ಹೊಡೆಯುವುದಿಲ್ಲ. ಊಟ ರುಚಿಯಾಗಿಯೇ ಇದೆ.

ಇನ್ನೊಂದು ಮನೆ, ಬಾಡಿಗೆಯದು, ಗೋಡೆಗೆ ಸುಣ್ಣ ಬಳಿಸಿ ವರ್ಷಗಳಾಗಿವೆ. ಅಲ್ಲಿ ಸಂಜೆ ಚಹಾ ಮಾಡುವುದು ಡೌನ್ ಸಿಂಡ್ರೋಮ್ ಇರುವ ನಡುವಯಸ್ಸಿನ ಹೆಂಗಸು. ಗ್ಯಾಸ್ ಹಚ್ಚಿಕೊಡಲು ಮಾತ್ರ ಒಬ್ಬರು ಪಕ್ಕದಲ್ಲಿರುತ್ತಾರೆ. ಹಾಲು ಉಕ್ಕಿ ಒಲೆ ಕಟ್ಟೆಯೆಲ್ಲ ಹರಿಯಿತು. ಅದನ್ನು ಒರೆಸಿ, ಚಮಚ ಎತ್ತಿ ಹಿಡಿದು ಒಬ್ಬೊಬ್ಬರ ಮುಂದೂ ನಿಂತಳು. ಒಂದು ಬೆರಳೋ, ಎರಡು ಬೆರಳೋ, ತಲೆಯಾಡಿಸಿದರೆ ಸಕ್ಕರೆಯೇ ಬೇಡ. ಆರು ಲೋಟ ಚಹಾಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ದಾನಿಗಳಿಗೆ ತೋರಿಸಲು ಈ ಮನೆಯಲ್ಲಿ ಏನೂ ಇಲ್ಲ. ನನ್ನ ತೂಕದಲ್ಲಿ ಮೊದಲನೆಯದಕ್ಕಿಂತ ಇದು ಎಷ್ಟೋ ಮೇಲು.

ಇದು ನನ್ನೊಬ್ಬನ ಅಭಿರುಚಿಯ ಮಾತಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದರ 19ನೇ ವಿಧಿ ಎಲ್ಲಿ, ಯಾರ ಜೊತೆ ಬದುಕಬೇಕೆಂಬ ಆಯ್ಕೆಯನ್ನು ಹಕ್ಕೆಂದು ಹೇಳುತ್ತದೆ. 2017ರಲ್ಲಿ ಆ ವಿಧಿಯನ್ನು ವಿವರಿಸಿದ ಸಮಿತಿ ಇನ್ನೂ ಮುಂದೆ ಹೋಯಿತು. ಒಳಗೆ ನೂರು ಜನ ಇದ್ದಾರೋ ಐದೆಂಟು ಜನವೋ ಎಂಬುದು ಮುಖ್ಯವಲ್ಲ. ದಿನಚರಿಯ ಮೇಲೆ, ನೆರವಿಗೆ ಬರುವವರ ಆಯ್ಕೆಯ ಮೇಲೆ ಇರುವವರಿಗೆ ಹಿಡಿತ ಇಲ್ಲದಿದ್ದರೆ ಸಣ್ಣ ಮನೆಯೂ ಒಂದು ಸಂಸ್ಥೆಯೇ ಎಂದಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಕಲಂ ಕೂಡ ಸಮುದಾಯದ ನಡುವೆ ಬದುಕುವ ಹಕ್ಕನ್ನು ಬರೆದಿಟ್ಟಿದೆ. ಹೀಗಿರುವಾಗ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ಘರೌಂದಾ’ ಯೋಜನೆ ವಯಸ್ಕರ ಮನೆಗೆ ಹಾಕಿಕೊಂಡಿದ್ದ ಅಳತೆ 20 ಮಂದಿಯ ತಂಡ. ಲೆಕ್ಕಪತ್ರಕ್ಕೆ ಅದು ಸರಿಹೋಗಬಹುದು. ಇಪ್ಪತ್ತು ಜನರಿಗೆ ಸಕ್ಕರೆ ಎಷ್ಟು ಎಂದು ಕೇಳಿ ಚಹಾ ಮಾಡಲಾಗದು.

ಬೀಗದ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಅಪಸ್ಮಾರ ಇರುವವನು ಗೇಟು ದಾಟಿ ಹೆದ್ದಾರಿಗೆ ಇಳಿದರೆ ಹೊಣೆ ಯಾರದು? ಮನೆಯವರೇ ಮೊದಲು ಠಾಣೆಗೆ ಹೋಗುತ್ತಾರೆ. ರಾತ್ರಿ ಇಬ್ಬರೇ ಸಿಬ್ಬಂದಿ ಇರುವ ಕಡೆ ಬಾಗಿಲು ತೆರೆದಿಡಿ ಎಂದು ಉಪದೇಶ ಮಾಡುವುದು ಸುಲಭ. ಆದರೆ ಕಟ್ಟಿಹಾಕಿದ್ದೇ ಸುರಕ್ಷೆ ಎಂದು ನಂಬಿದ ಕಡೆ ಏನಾಯಿತೆಂಬುದೂ ಗೊತ್ತಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಮಾನಸಿಕ ಅಸ್ವಸ್ಥರು ಓಡಲಾರದೆ ಸತ್ತರು, 28 ಮಂದಿ. ಅದೇ ತಮಿಳುನಾಡಿನ ಬ್ಯಾನಿಯನ್ ಸಂಸ್ಥೆ 2015ರಿಂದ ‘ಹೋಮ್ ಅಗೇನ್’ ಎಂಬ ಹೆಸರಿನಲ್ಲಿ, ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಹೋಗಿದ್ದ ಹೆಂಗಸರನ್ನು ನಾಲ್ಕೈದು ಮಂದಿಯಂತೆ ಮಾಮೂಲಿ ಬೀದಿಗಳ ಬಾಡಿಗೆ ಮನೆಗಳಲ್ಲಿ ಇರಿಸುತ್ತಿದೆ. ಅವರ ತೊಂದರೆ ಬೇರೆ ಬಗೆಯದು, ಹಾಗಾಗಿ ಸಾರಾಸಗಟು ಹೋಲಿಕೆ ಸಲ್ಲದು. ಆದರೂ ಬೀದಿಯ ಅಂಗಡಿಯವನಿಗೆ ಹೆಸರು ಗೊತ್ತಿರುವ ಹೆಂಗಸು ಒಂದು ದಿನ ಕಾಣದಿದ್ದರೆ ಯಾರಾದರೂ ವಿಚಾರಿಸುತ್ತಾರೆ. ಎತ್ತರದ ಕಾಂಪೌಂಡು ಕೊಡಲಾರದ ಕಾವಲು ಅದು.

ಹಣದ ವಿಷಯಕ್ಕೆ ಬಂದರೆ ಮೊದಲ ತಪ್ಪು ದಾನಿಗಳದು, ಅಂದರೆ ನಮ್ಮದು. ಕಚೇರಿಯ ಗೋಡೆ ಮೇಲೆ ದರಪಟ್ಟಿ ಇರುತ್ತದೆ: ಬೆಳಗಿನ ತಿಂಡಿಗೆ ಇಷ್ಟು, ಮಧ್ಯಾಹ್ನದ ಊಟಕ್ಕೆ ಇಷ್ಟು, ಸಿಹಿ ಸೇರಿದರೆ ಇಷ್ಟು. ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ಕುಟುಂಬ ಕಾರಿನಲ್ಲಿ ಬರುತ್ತದೆ. ಊಟಕ್ಕೆ ಕೂತವರು ಎಲೆ ಮುಂದೆ ಕೈಕಟ್ಟಿ ಕಾಯುತ್ತಾರೆ. ಹಾಡು ಆಗಬೇಕು, ಫೋಟೋ ಆಗಬೇಕು. ಭಾನುವಾರ ಎರಡು ಕುಟುಂಬ ಬಂದರೆ ಎರಡು ಸಲ ಹೋಳಿಗೆ, ಸಕ್ಕರೆ ಕಾಯಿಲೆ ಇದ್ದವರಿಗೂ. ಮಂಗಳವಾರ ಮಾಮೂಲಿ ಅನ್ನ ಸಾರು. ನಲವತ್ತು ದಾಟಿದ ಮನುಷ್ಯನ ಕೆನ್ನೆ ಚಿವುಟಿ ಮುದ್ದು ಮಾಡಿ ಹೋಗುವವರನ್ನು ಕಂಡಿದ್ದೇನೆ. ಅವನ ತಮ್ಮನಿಗೆ ಹಾಗೆ ಮಾಡುವ ಧೈರ್ಯ ಅವರಿಗಿರಲಾರದು. ಕಂಪನಿಗಳ ಸಿಎಸ್‌ಆರ್ ದುಡ್ಡೂ ಹೆಚ್ಚಾಗಿ ಕಣ್ಣಿಗೆ ಕಾಣುವುದಕ್ಕೇ ಒಲಿಯುತ್ತದೆ: ವ್ಯಾನು, ಸೋಲಾರ್ ಹೀಟರು, ಕಟ್ಟಡದ ಮೇಲೊಂದು ಮಹಡಿ. ಫ್ಯಾನಿನ ರೆಕ್ಕೆ ಮೇಲೂ ದಾನಿಗಳ ಹೆಸರು ಬರೆಸಬಹುದು, ರಾತ್ರಿ ಮೂರಕ್ಕೆ ಎದ್ದು ಒದ್ದೆ ಹಾಸಿಗೆ ಬದಲಿಸುವ ಆಯಾಳ ಸಂಬಳದ ಮೇಲೆ ಬರೆಸಲಾಗುವುದಿಲ್ಲ.

ಹಾಗಾಗಿ ಇಡೀ ವ್ಯವಸ್ಥೆಯ ಭಾರ ಅದರ ಅತಿ ಕಡಿಮೆ ಸಂಬಳದವರ ಹೆಗಲ ಮೇಲೆ ಬೀಳುತ್ತದೆ. ಹನ್ನೆರಡು ಗಂಟೆಯ ಪಾಳಿ, ರಜೆಗೆ ಬದಲಿ ಇಲ್ಲ. ‘ದೇವರ ಕೆಲಸ’ ಎಂಬ ಮಾತು ಸಂಬಳದ ಜಾಗದಲ್ಲಿ ಕೂತಿದೆ. ಅಂಥವಳು ಒಬ್ಬನಿಗೆ ಸ್ನಾನ ಮಾಡಿಸುವಾಗ ನೀರು ಬಿಸಿ ಸಾಕೇ ಎಂದು ಕೇಳುವ ಸಾವಧಾನವನ್ನು ಎಲ್ಲಿಂದ ತರಬೇಕು? ಇರುವವರ ಘನತೆಯ ಬಗ್ಗೆ ಭಾಷಣ ಮಾಡುವ ಟ್ರಸ್ಟಿಗಳು ವಾರದ ರಜೆಯ ಪಟ್ಟಿಯನ್ನು ಮೊದಲು ಸರಿಮಾಡಿದರೆ ಅರ್ಧ ಘನತೆ ತಾನಾಗಿ ಬಂದೀತು.

ನನಗೆ ಇವೆಲ್ಲಕ್ಕಿಂತ ಆತಂಕ ಹುಟ್ಟಿಸುವುದು ಕಾಗದಪತ್ರದ ಸಂಗತಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಪ್ರಾಪ್ತ ವಯಸ್ಸು ದಾಟಿದವರಿಗೂ ಜಿಲ್ಲಾಮಟ್ಟದ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸಬಹುದು. ನೋಂದಾಯಿತ ಸಂಸ್ಥೆಯೂ ಪಾಲಕನಾಗಲು ದಾರಿಯಿದೆ. ಎಪ್ಪತ್ತೈದು ದಾಟಿದ ತಂದೆ, ಒಬ್ಬನೇ ಮಗ, ನೆಂಟರು ದೂರ. ನಿವೃತ್ತಿಯ ಗಂಟನ್ನು ಠೇವಣಿಯಾಗಿ ಕಟ್ಟಿ, ಕೆಲವೊಮ್ಮೆ ಮನೆಯನ್ನೇ ಬರೆದುಕೊಟ್ಟು, ಮಗನನ್ನು ಒಪ್ಪಿಸಿ ಬರುತ್ತಾನೆ. ಆಮೇಲೆ ಮನೆ ನಡೆಸುವವರು, ದುಡ್ಡು ಇಟ್ಟುಕೊಂಡವರು, ಕಾನೂನಿನ ಕಣ್ಣಿಗೆ ಪಾಲಕರು, ಮೂವರೂ ಒಬ್ಬರೇ ಆಗಬಹುದು. ಅವರು ಎಷ್ಟೇ ಸಜ್ಜನರಿರಲಿ, ಆ ಮಗನಿಗೆ ಅಲ್ಲಿ ಹಿಡಿಸದಿದ್ದರೆ ಅವನ ಪರವಾಗಿ ಬೇರೆ ಮನೆ ಹುಡುಕಬೇಕಾದವರೂ ಅವರೇ, ಅವನ ಠೇವಣಿ ಹಿಂದಿರುಗಿಸಬೇಕಾದವರೂ ಅವರೇ.

ಈ ಮೂರನ್ನು ಬೇರ್ಪಡಿಸುವುದಕ್ಕೆ ದೊಡ್ಡ ಹಣವೇನೂ ಬೇಡ. ಮನೆ ನಡೆಸುವ ಸಂಸ್ಥೆ ಅಲ್ಲಿರುವ ಯಾರಿಗೂ ಪಾಲಕನಾಗಕೂಡದು. ಠೇವಣಿಯ ಲೆಕ್ಕ ವರ್ಷಕ್ಕೊಮ್ಮೆ ಹೊರಗಿನವರ ಮುಂದೆ ಬಿಚ್ಚಬೇಕು. ಟ್ರಸ್ಟಿನ ಸಭೆಯಲ್ಲಿ ಆ ಮನೆಯಲ್ಲೇ ಇರುವ ಇಬ್ಬರಾದರೂ ಕುರ್ಚಿ ಎಳೆದು ಕೂರಬೇಕು, ಅವರು ಹೇಳಿದ್ದನ್ನು ಬಿಡಿಸಿ ಹೇಳಲು ಅವರೇ ಆರಿಸಿಕೊಂಡ ಒಬ್ಬರು ಪಕ್ಕದಲ್ಲಿರಬೇಕು. ಇದನ್ನು ಒಬ್ಬ ಕಾರ್ಯದರ್ಶಿಯವರ ಮುಂದೆ ಹೇಳಿದಾಗ ಅವರು ನಕ್ಕು, ‘ಸಭೆ ಎರಡು ತಾಸು ಉದ್ದ ಆಗುತ್ತೆ, ಸಾರ್’ ಎಂದರು. ಆಗುತ್ತದೆ. ಊಟದ ವೇಳೆಯ ವಿಷಯ ಬಂದರೆ ಇನ್ನೂ ಉದ್ದವಾಗುತ್ತದೆ.