ಯಕೃತ್ತಿನ ಕಸಿಯೂ ‘ರೋಗನಿರೋಧಕ’ ಶಬ್ದವೂ: ಒಂದು ವಿಮರ್ಶೆ

‘ಇಮ್ಯುನೊಥೆರಪಿ’ ಎಂಬ ವೈದ್ಯಪದಕ್ಕೆ ಕನ್ನಡದಲ್ಲಿ ‘ರೋಗನಿರೋಧಕ ಚಿಕಿತ್ಸೆ’ ಎಂಬ ಪ್ರತಿಶಬ್ದವು ಬಳಕೆಯಲ್ಲಿರುವುದು. ಯಕೃತ್ತಿನ ಅರ್ಬುದ, ಎಂದರೆ ಕ್ಯಾನ್ಸರ್, ಕುರಿತ ಬರಹಗಳಲ್ಲಿ ಈ ಶಬ್ದವು ಅರ್ಥವನ್ನು ಬೆಳಗುವುದೋ ಮರೆಮಾಡುವುದೋ ಎಂಬುದು ವಿಚಾರಾರ್ಹವಾಗಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂತಹ ಊರುಗಳಲ್ಲಿ ಆಸ್ಪತ್ರೆಯ ಕಾಗದವನ್ನು ಓದಿ ಹೇಳುವ ಹೊಣೆಯು ಕನ್ನಡ ಶಿಕ್ಷಕನ ಮೇಲೆಯೇ ಬೀಳುವುದುಂಟು; ಆದುದರಿಂದ ಇದು ಬರಿಯ ಶಬ್ದಕಲಹವಲ್ಲ.

ಸಮಾಸವನ್ನು ಬಿಡಿಸಿದರೆ ‘ರೋಗವನ್ನು ತಡೆಯುವುದು’ ಎಂದಾಗುವುದು, ಕರ್ಮಪದವು ರೋಗವೊಂದೇ. ಆದರೆ ದೇಹದ ಈ ಶಕ್ತಿಯು ಎದುರಿಸುವುದು ತನ್ನದಲ್ಲವೆಂದು ಕಂಡುದನ್ನು. ಅರ್ಬುದವು ಸ್ವಂತ ಜೀವಕೋಶಗಳ ಸಂತಾನವಾದುದರಿಂದ ಆ ಶಕ್ತಿಯ ಕಣ್ಣು ತಪ್ಪಿಸಿ ಬೆಳೆಯಬಲ್ಲುದು; ದಾನವಾಗಿ ಬಂದ ಯಕೃತ್ತಾದರೋ ಉಪಕಾರಿಯಾಗಿದ್ದೂ ಆಕ್ರಮಣಕ್ಕೆ ಗುರಿಯಾಗುವುದು. ಮುಧೋಳದ ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳುವವರಿಗೆ ಈ ಸಂಕಟವು ಹೊಸತಲ್ಲ. ಅಲ್ಲಿ ಹಗೆಯು ಹೊರಗಿನವನಲ್ಲ, ದಾಯಾದಿ. ಅರ್ಬುದವೂ ದಾಯಾದಿಯೇ, ಕಸಿಯ ಯಕೃತ್ತು ಪರಕುಲದಿಂದ ಬಂದ ಮಿತ್ರ.

೨೦೧೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇವರ ಶೋಧದಿಂದ ಹುಟ್ಟಿದ ಔಷಧಗಳು ಈ ಶಕ್ತಿಯ ಕಟ್ಟನ್ನು ಸಡಿಲಿಸುವುವು. ಕಸಿಯ ಬಳಿಕ ಕೊಡುವ ಟ್ಯಾಕ್ರೊಲಿಮಸ್ ಮೊದಲಾದವು ಅದನ್ನೇ ಬಿಗಿಯುವುವು. ೧೯೯೬ರ ಮಿಲಾನ್ ನಿಯಮದಂತೆ ಕಸಿಗೆ ಅರ್ಹನಾಗಲು ಗಡ್ಡೆಯು ಒಂದೇ ಇದ್ದರೆ ೫ ಸೆಂಟಿಮೀಟರನ್ನೂ, ಎರಡು ಮೂರು ಇದ್ದರೆ ಪ್ರತಿಯೊಂದೂ ೩ ಸೆಂಟಿಮೀಟರನ್ನೂ ಮೀರಬಾರದು. ಮೀರಿದುದನ್ನು ಕುಗ್ಗಿಸಲು ಕಸಿಗೆ ಮುನ್ನ ಈ ಔಷಧವನ್ನು ಕೊಡುವುದುಂಟು. ಆದರೆ ಅದರ ಪ್ರಭಾವವು ವಾರಗಟ್ಟಲೆ ಉಳಿಯುವುದರಿಂದ ನಡುವೆ ಕಾಲವನ್ನು ಬಿಡಬೇಕಾಗುವುದು. ಕಸಿಯ ಬಳಿಕ ಕೊಟ್ಟಾಗ ಹೊಸ ಯಕೃತ್ತೇ ತಿರಸ್ಕೃತವಾಗಿ ಪ್ರಾಣಹಾನಿಯಾದ ಪ್ರಸಂಗಗಳೂ ವರದಿಯಾಗಿವೆ. ‘ರೋಗನಿರೋಧಕ’ವೆಂದು ಕೇಳಿದ ಬಂಧುವು ‘ಹೆಚ್ಚಿದಷ್ಟೂ ಒಳ್ಳೆಯದು’ ಎಂದು ತಿಳಿದರೆ, ಆ ತಪ್ಪು ಅವನದಲ್ಲ, ಶಬ್ದದ್ದು.

‘ಕಸಿ’ ಎಂಬುದು ಜಮಖಂಡಿಯ ದ್ರಾಕ್ಷಿ ಬೆಳೆಗಾರನಿಗೂ ಪರಿಚಿತವಾದ ಮಾತು. ಬಳ್ಳಿಯಲ್ಲಿ ಬೆಸುಗೆ ಕೂಡಿದರೆ ಕೆಲಸ ಮುಗಿಯಿತು. ಯಕೃತ್ತಿನ ಸಂಧಾನವನ್ನಾದರೋ ಪ್ರಾಯಶಃ ಜೀವಮಾನವೆಲ್ಲ ಔಷಧದಿಂದ ಕಾಯಬೇಕು. ಈ ಭೇದವನ್ನು ಸೇರಿಸಿ ಹೇಳುವುದಾದರೆ ಆ ಶಬ್ದವು ಉಳಿಯತಕ್ಕದ್ದೇ.

ಯೋಗಾರ್ಥಕ್ಕಿಂತ ರೂಢಾರ್ಥವು ಬಲವತ್ತರವೆಂಬ ಆಕ್ಷೇಪವುಂಟು. ರೂಢಾರ್ಥವೇ ರೋಗಿಯನ್ನು ದಾರಿತಪ್ಪಿಸುವಲ್ಲಿ ಆ ನ್ಯಾಯವು ಸಲ್ಲದು. ‘ಮೈಗಾವಲು’ ಎಂಬ ಅಚ್ಚಗನ್ನಡ ಪದವು ಇಲ್ಲಿ ಯುಕ್ತವಾಗಿ ತೋರುವುದು. ಕಾವಲುಗಾರನು ಹಗೆಯನ್ನು ತಡೆಯುವಂತೆಯೇ ಗುರುತರಿಯದ ನಂಟನನ್ನೂ ತಡೆಯುವನು. ‘ಮೈಗಾವಲಿನ ಕಟ್ಟು ಸಡಿಲಿಸುವ ಚಿಕಿತ್ಸೆ’ ಎಂದರೆ ಹಿತವೂ ಅಪಾಯವೂ ಒಂದೇ ಮಾತಿನಲ್ಲಿ ತಿಳಿಯುವುವು. ಸಮ್ಮತಿಯ ಕಾಗದಕ್ಕೆ ರುಜು ಹಾಕುವವನು ಅರಿತು ಹಾಕುವನು.